ಅಮ್ಮನಿಗೆ ಓದಲು ಬಾರದ ‘ಡು ನಾಟ್ ಈಟ್’

ಕಳೆದ ಮಳೆಗಾಲದ ಮಾತು. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆ. ಒಳಗಿನಿಂದ ಅಮ್ಮ, “ಇದೆಂತ ಗುಳಿಗೆ ಮಗಾ, ನಾಲಗೆಗೆ ಅಂಟ್ತದೆ, ಸಿಹಿಯೇ ಇಲ್ಲ” ಅಂದರು. ಹೋಗಿ ನೋಡಿದರೆ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯೊಳಗಿದ್ದ ಪುಟ್ಟ ಬಿಳಿ ಚೀಲ ಹರಿದು ಅವರ ಕೈಯಲ್ಲಿದೆ! ಹೋಮಿಯೋಪಥಿ ಗುಳಿಗೆ ಅಂದುಕೊಂಡು ನಾಲ್ಕೈದು ಕಾಳು ಬಾಯಿಗೆ ಹಾಕಿಕೊಂಡಿದ್ದರು. ಚೀಲದ ಮೇಲೆ ದೊಡ್ಡದಾಗಿಯೇ ‘ಡು ನಾಟ್ ಈಟ್’ ಎಂದು ಬರೆದಿತ್ತು, ಇಂಗ್ಲಿಷಿನಲ್ಲಿ. ಅಮ್ಮ ಓದಿದ್ದು ಕುಂದಾಪುರದ ಕಡೆಯ ಹಳ್ಳಿ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ, ಕನ್ನಡದಲ್ಲಿ.

ಆ ಮಳೆಯಲ್ಲಿ ರಿಕ್ಷಾ ಹಿಡಿದು ಡಾಕ್ಟರ ಬಳಿ ಓಡಿದೆವು. ಅವರು ಚೀಲ ತಿರುಗಿಸಿ ನೋಡಿ ನಕ್ಕರು. “ಬಾಯಿ ತೊಳೆದುಕೊಳ್ಳಲಿ, ನೀರು ಕುಡಿಯಲಿ. ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ.” ಅಷ್ಟೇ.

ಇದಾಗಿ ಕೆಲವು ತಿಂಗಳಿಗೆ ಸಂಬಂಧಿಕರೊಬ್ಬರು ಜಪಾನಿನಿಂದ ಅಕ್ಕಿಯ ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲೂ ಒಂದು ಚೀಲ. ಈಗ ನಾವು ಜಾಣರಲ್ಲವೇ, “ಇದರಿಂದ ಏನೂ ಆಗುವುದಿಲ್ಲ” ಎಂದು ಹೆಂಡತಿ ಅದನ್ನು ಸಿಂಕಿನ ಪಕ್ಕದ ಹಸಿ ಕಸದ ಬುಟ್ಟಿಗೆ ಎಸೆದಳು. ಸ್ವಲ್ಪ ಹೊತ್ತಿಗೆ ಬುಟ್ಟಿಯಿಂದ ಹಬೆ! ಚೀಲ ಉಬ್ಬಿ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಒಳಗಿದ್ದದ್ದು ಸುಟ್ಟ ಸುಣ್ಣ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕೆ? ಚಿಪ್ಪು ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ ಅದು ಕೊತಕೊತ ಕುದಿಯುವುದನ್ನು ನೋಡಿ ಬೆಳೆದವರು ನಾವು. ಆದರೆ ಬಿಸ್ಕತ್ತಿನ ಡಬ್ಬದೊಳಗೆ ಅದು ಇರಬಹುದೆಂದು ಯಾರು ಎಣಿಸುತ್ತಾರೆ? ಇದರ ಮೇಲೂ ನಮಗೆ ಓದಲು ಬಂದದ್ದು ಅದೇ ಒಂದು ಸಾಲು, ‘ಡು ನಾಟ್ ಈಟ್’.

ನನ್ನ ತಕರಾರು ಇಲ್ಲೇ. ನಿರುಪದ್ರವಿಗೂ ಅದೇ ಬೋರ್ಡು, ಕಣ್ಣು ಕಳೆಯುವಂಥದ್ದಕ್ಕೂ ಅದೇ ಬೋರ್ಡು. ಅದೂ ಓದಲೇಬೇಕಾದವರಿಗೆ ಬಾರದ ಭಾಷೆಯಲ್ಲಿ. ಮುಂಬಯಿಯಲ್ಲಿ ಅಂಗಡಿಗಳ ಬೋರ್ಡು ಮರಾಠಿಯಲ್ಲಿರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಎರಡು ತಿಂಗಳ ಗಡುವು ಕೊಟ್ಟಿತ್ತು. ಬಾಯಿಗೆ ಹೋಗಬಹುದಾದ ಚೀಲದ ಭಾಷೆಯ ಬಗ್ಗೆ ಯಾರೂ ಕೋರ್ಟಿಗೆ ಹೋದದ್ದು ನಾನು ಕೇಳಿಲ್ಲ.

ಸಿಲಿಕಾ ಜೆಲ್ ಎಂದರೆ ಮರಳಿನ ಬಳಗದ ಸಿಲಿಕಾನ್ ಡೈಆಕ್ಸೈಡ್. ಹೆಸರಿಗೆ ಜೆಲ್, ಕೈಗೆ ಗಟ್ಟಿ ಕಾಳು. ಕಾಳಿನ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದು ಗ್ರಾಂ ಕಾಳಿನ ಒಳಮೈಯನ್ನು ಬಿಚ್ಚಿ ಹಾಸಿದರೆ ಕೆಲವು ನೂರು ಚದರ ಮೀಟರ್ ಆಗುತ್ತದಂತೆ. ನಮ್ಮ ಒನ್ ಬಿಎಚ್‌ಕೆ ಎಲ್ಲಿ, ಅದೆಲ್ಲಿ! ಆ ಮೈಗೆ ನೀರಾವಿ ಅಂಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಲ್ಟರ್ ಪ್ಯಾಟ್ರಿಕ್ ಎಂಬ ಪ್ರೊಫೆಸರ್ ಇದನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬಿಳಿ ಕಾಳಿನಲ್ಲಿ ವಿಷವಿಲ್ಲ. ಅಪಾಯವಿರುವುದು ಮಗುವಿನ ಗಂಟಲಲ್ಲಿ ಚೀಲವೋ ಡಬ್ಬಿಯೊಳಗಿನ ಗುಂಡು ಕೊಳವೆಯೋ ಸಿಕ್ಕಿಕೊಂಡರೆ. ಇನ್ನೊಂದು, ಮೊಸಾಯಿಕ್ ನೆಲದ ಮೇಲೆ ಕಾಳು ಚೆಲ್ಲಿದರೆ ಮುದುಕರು ಜಾರಿ ಬೀಳುತ್ತಾರೆ. ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿ ತೆಗೆಯಿರಿ.

ನೀಲಿ ಕಾಳಿನ ಕಥೆ ಬೇರೆ. ತೇವ ಕುಡಿದಾಗ ಅದು ಗುಲಾಬಿಯಾಗುವುದು ಕೋಬಾಲ್ಟ್ ಕ್ಲೋರೈಡಿನಿಂದ. ಅದರ ಧೂಳು ಉಸಿರಿಗೆ ಹೋದರೆ ಕ್ಯಾನ್ಸರ್ ತರಬಹುದೆಂದು ಯುರೋಪಿನವರು 2008ರಲ್ಲೇ ಅದನ್ನು ಅತಿ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿದರು. ಕ್ಯಾಮೆರಾ ಇಟ್ಟುಕೊಂಡವರ ಡಬ್ಬದಲ್ಲಿ ಇದು ಸಿಗುತ್ತದೆ. ಪುಡಿ ಮಾಡಬೇಡಿ, ಅಡುಗೆಯ ಬಾಣಲೆಯಲ್ಲಂತೂ ಹುರಿಯಲೇಬೇಡಿ. ಸುಣ್ಣದ ಚೀಲ ಒಡೆದು ಮೈಮೇಲೆ ಬಿದ್ದರೆ ಮೊದಲು ಒಣ ಪುಡಿ ಕೊಡವಿ, ಆಮೇಲೆ ಧಾರಾಳ ನೀರು. ಕಣ್ಣಿಗೆ ಬಿದ್ದರೆ ತಡಮಾಡದೆ ನಲ್ಲಿಯ ಕೆಳಗೆ ಕಣ್ಣೊಡ್ಡಿ ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ತಮಾಷೆಯೆಂದರೆ, ಈ ಬಿಳಿ ಕಾಳಿಗೆ ಹೆದರುವ ನಾವೇ ಕೂಸಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡುತ್ತೇವೆ. ಆ ನ್ಯಾಫ್ತಲೀನ್ ನಿಜವಾದ ವಿಷ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ.

ಹಾಗಿದ್ದರೂ ಚೀಲಗಳನ್ನು ಎಸೆಯಲು ನನಗೆ ಮನಸ್ಸಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಸುರಿಯಿತಲ್ಲ, ಆ ಮಳೆಗಾಲದಲ್ಲಿ ನನ್ನ ಕಾಗದಪತ್ರಗಳಿಗೆ ಬೂಷ್ಟು ಹಿಡಿದ ಮೇಲೆ ಚೀಲ ಕೂಡಿಡುವ ಚಟ ಹತ್ತಿತು. ಚಪ್ಪಲಿಯ ಪೆಟ್ಟಿಗೆ, ಧಾರಾವಿಯ ಬ್ಯಾಗು, ಮಾತ್ರೆ ಡಬ್ಬಿ, ಎಲ್ಲಿಂದ ಸಿಕ್ಕರೂ ಸರಿ. ಅವನ್ನೆಲ್ಲ ಬಟ್ಟೆಯ ಕಪಾಟಿನಲ್ಲಿ ಚೆಲ್ಲಿ ವರ್ಷಗಟ್ಟಲೆ ನಿಶ್ಚಿಂತೆಯಿಂದಿದ್ದೆ. ಶುದ್ಧ ದಡ್ಡತನ! ಜುಲೈಯಲ್ಲಿ ಇಲ್ಲಿಯ ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಂಗೂ ಹೆಚ್ಚು ನೀರಾವಿ ಇರುತ್ತದೆ. ಒಂದು ಗ್ರಾಂ ಜೆಲ್ ಹೀರುವುದು ಹೆಚ್ಚೆಂದರೆ ಗ್ರಾಂನ ಮೂರನೇ ಒಂದು ಪಾಲು. ಕಪಾಟಿನ ಬಾಗಿಲು ಒಮ್ಮೆ ತೆರೆದರೆ ಕೆಲಸ ಮುಗಿಯಿತು. ಬಿಗಿ ಮುಚ್ಚಳದ ಡಬ್ಬದಲ್ಲಿ, ಪಾಸ್‌ಪೋರ್ಟು, ಫೋಟೋ, ಶ್ರವಣಯಂತ್ರ ಇಂಥವುಗಳ ಜೊತೆ ಇಟ್ಟರೆ ಮಾತ್ರ ಉಪಯೋಗ. ನಮ್ಮ ಹಿರಿಯರು ಅಕ್ಕಿಮುಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಸುಮ್ಮನೆ ಅಲ್ಲ. ಅಲ್ಲಿ ಬಿಸಿ ಎಂದೂ ಆರುತ್ತಿರಲಿಲ್ಲ. ಬಿಳಿ ಕಾಳಿಗೂ ಬೇಕಾದದ್ದು ಅದೇ. ಚೀಲದಿಂದ ಬಿಡಿಸಿ, ಅಡುಗೆಗೆ ಬಳಸದ ಸ್ಟೀಲ್ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ಇಟ್ಟರೆ ಮತ್ತೆ ಹೊಸದು. ಆರಿದ ತಕ್ಷಣ ಮುಚ್ಚಿಡದಿದ್ದರೆ ಮುಂಬಯಿಯ ಗಾಳಿಯನ್ನೇ ಕುಡಿದುಬಿಡುತ್ತದೆ. ಮಾತ್ರೆ ಡಬ್ಬಿಯ ಚೀಲವನ್ನು ಮಾತ್ರ ಮಾತ್ರೆ ಮುಗಿಯುವವರೆಗೆ ತೆಗೆಯಬಾರದು, ಅದು ಅಲ್ಲಿಯ ಕಾವಲುಗಾರ.

ಎಸೆಯುವ ಪ್ರಶ್ನೆ ಬಂದಾಗ ನನಗೆ ಮುಲುಂಡಿನ ಡಂಪಿಂಗ್ ಗ್ರೌಂಡ್ ನೆನಪಾಗುತ್ತದೆ. 2018ರಲ್ಲಿ ಅದು ಮುಚ್ಚುವವರೆಗೆ ನಮ್ಮ ಕಡೆಯವರಿಗೆ ಗಾಳಿ ಬೀಸಿದ ದಿಕ್ಕು ಮೂಗಿನಿಂದಲೇ ಗೊತ್ತಾಗುತ್ತಿತ್ತು. ಗುಡ್ಡದ ಮೇಲೆ ಬರಿಗೈಯಲ್ಲಿ ಕಸ ಕೆದಕುವ ಹೆಂಗಸರನ್ನು ದೂರದಿಂದ ನೋಡಿದ್ದೇನೆ. ನನ್ನ ಬುಟ್ಟಿಯಲ್ಲಿ ಹಬೆಯಾಡಿದ ಚೀಲ ಅವರ ಕೈಯಲ್ಲಿ ಒಡೆದಿದ್ದರೆ? ಬಿಳಿ ಕಾಳನ್ನು ಕಟ್ಟಿ ಒಣ ಕಸಕ್ಕೆ ಹಾಕಿದರೆ ಸಾಕು. ಮೋರಿಗೂ ಬೇಡ, ಹಸಿ ಕಸಕ್ಕೂ ಬೇಡ. ನೀಲಿಯದನ್ನೂ ಸುಣ್ಣದ್ದನ್ನೂ ಒಣಗಿದ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಹಳೆ ಬ್ಯಾಟರಿ, ಟ್ಯೂಬ್‌ಲೈಟುಗಳ ಜೊತೆ ಬೇರೆಯಾಗಿ ಕೊಡಬೇಕು. ಮನೆಯ ಅಪಾಯಕಾರಿ ಕಸವನ್ನು ಹೀಗೆ ಬೇರ್ಪಡಿಸಬೇಕೆಂದು 2016ರ ಕೇಂದ್ರದ ನಿಯಮಗಳೇ ಹೇಳಿದ್ದವು. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಇದನ್ನು ಎತ್ತಿದಾಗ ಸೆಕ್ರೆಟರಿ ಪಾರ್ಕಿಂಗ್ ವಿಷಯಕ್ಕೆ ಜಾರಿದರು, ಅದು ಬೇರೆ ಮಾತು.

ಚೀಲ ತುಂಬುವ ಕಂಪನಿಗಳಿಗೆ ನಾನು ಕೇಳುವುದು ದೊಡ್ಡದೇನಲ್ಲ. ಒಳಗಿರುವುದು ಜೆಲ್ಲೋ ಸುಣ್ಣವೋ ಎಂಬ ಒಂದು ಪದ, ಮಾರುವ ಊರಿನ ಭಾಷೆಯಲ್ಲಿ. ಜಾಗವಿಲ್ಲವೆಂದರೆ ಒಂದು ಚಿತ್ರ, ಸುಣ್ಣಕ್ಕೆ ನೀರಿನ ಹನಿಯ ಮೇಲೆ ಅಡ್ಡಗೆರೆ.

ಅಲ್ಲಿಯವರೆಗೆ ಹೊಸ ಡಬ್ಬಿ ಬಂದ ದಿನ ನಾನೇ ಪೆನ್ನು ಹಿಡಿದು ಕೂರುತ್ತೇನೆ. ಅಮ್ಮನಿಗಾಗಿ ಕನ್ನಡದಲ್ಲಿ, ಕೆಲಸದ ಬಾಯಿಗಾಗಿ ಮರಾಠಿಯಲ್ಲಿ. ಮೊನ್ನೆ ಅಮ್ಮ ಚೀಲವನ್ನು ಕಣ್ಣ ಹತ್ತಿರ ಹಿಡಿದು, “ತಿನ್ನಬೇಡಿ” ಎಂದು ಗಟ್ಟಿಯಾಗಿ ಓದಿ, “ಅಕ್ಷರ ಸ್ವಲ್ಪ ದೊಡ್ಡದು ಬರಿ” ಅಂದರು.