ಸಂಬಳವೆಷ್ಟು ಎಂಬ ಪ್ರಶ್ನೆ

ಎಕ್ಸ್ ಕಿರಣಗಳ ಪಾಠವನ್ನು ಮುಗಿಸಿ, “ಸಂಶಯಗಳೇನಾದರೂ ಉಂಟೆ?” ಎಂದು ಕೇಳಿದೆವು. ಗುಬ್ಬಿ ತಾಲ್ಲೂಕಿನ ಕಡಬದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರಿಗೆ ಸಂಬಳವೆಷ್ಟು?” ಎಂದಳು. ತರಗತಿಯೆಲ್ಲ ನಕ್ಕಿತು. “ವಿದ್ಯೆಗೆ ಬೆಲೆ ಕಟ್ಟಬಾರದಮ್ಮ” ಎಂದು ಉಪದೇಶಿಸಿ ನಾವು ಆಕೆಯನ್ನು ಕೂರಿಸಿದೆವು. ಆಮೇಲೆ ಯೋಚಿಸಿದಾಗ ತಪ್ಪು ನಮ್ಮದೇ ಎನಿಸಿತು.

ನಾವು ಹೇಳಿದ ಆದರ್ಶ ಸುಳ್ಳಲ್ಲ. 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ ರಂಟ್ಗನ್ ಅವಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರ ನೊಬೆಲ್ ಬಹುಮಾನದ ಹಣವನ್ನೂ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟನು. ಆದರೆ ಆತನು ಪ್ರಾಧ್ಯಾಪಕ. ಆತನಿಗೆ ನಿಶ್ಚಿತವಾದ ವೇತನವಿತ್ತು. ರಾಗಿಯನ್ನೂ ತೆಂಗನ್ನೂ ನಂಬಿದ ಮನೆಯ ಮಕ್ಕಳಿಗೆ ಆ ಆಸರೆಯೆಲ್ಲಿ?

ನೀರು ತಗ್ಗಿನತ್ತ ಹರಿಯುವುದು ನೀರಿನ ದೋಷವಲ್ಲ. ಕಡಬದ ಕೆರೆಯನ್ನು ಕಟ್ಟಿದ ಹಿರಿಯರು ಶಿಂಷೆಯನ್ನು ಬೈಯುತ್ತ ಕೂರಲಿಲ್ಲ. ಏರಿ ಹಾಕಿದರು, ತೂಬು ಇಟ್ಟರು. ವೈದ್ಯಶಿಕ್ಷಣಕ್ಕೂ ಇದೇ ನ್ಯಾಯ. ಖಾಸಗಿ ಕಾಲೇಜಿಗೆ ಹತ್ತಾರು ಲಕ್ಷ ರೂಪಾಯಿ ತೆತ್ತು ಕಲಿತವನು ಸಾಲ ತೀರುವ ಊರನ್ನು ಹುಡುಕುತ್ತಾನೆಯೇ ಹೊರತು ಹೋಬಳಿಯ ಆಸ್ಪತ್ರೆಯನ್ನಲ್ಲ. 2012ರ ಕರ್ನಾಟಕ ಕಾನೂನು ವೈದ್ಯಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿತು. ಆದರೆ ವರ್ಷ ಮುಗಿದರೂ ಸಾಲ ಮುಗಿಯದು. ಶುಲ್ಕವನ್ನು ಇಳಿಸದೆ ತ್ಯಾಗವನ್ನು ಬೋಧಿಸುವುದು ತೂಬಿಲ್ಲದ ಕೆರೆಯಿಂದ ಗದ್ದೆಗೆ ನೀರು ಬಯಸಿದಂತೆ.

ಇನ್ನೊಂದು ಮಾತು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ನಮ್ಮ ಭೌತಶಾಸ್ತ್ರದ ಪಾಲು 180. ಅಲ್ಲಿ ಹಿಂದೆ ಬಿದ್ದವರು ರೋಗಿಯ ಸೇವೆಗೇ ಅನರ್ಹರೆಂದು ಮನೆಯವರು ತಿಳಿಯುವುದುಂಟು. ಯಂತ್ರವನ್ನು ನಡೆಸುವವರಿಲ್ಲದಿದ್ದರೆ ಎಕ್ಸ್‌ರೇ ಕೋಣೆಗೆ ಬೀಗವೇ ಗತಿ. ದಾದಿಯಿಲ್ಲದ ವಾರ್ಡಿನಲ್ಲಿ ವೈದ್ಯನ ಚೀಟಿ ಬರಿಯ ಕಾಗದ. ಇಷ್ಟು ಅಗತ್ಯವಾದ ಕೆಲಸಕ್ಕೆ ಕಾಯಂ ಹುದ್ದೆಯಲ್ಲೊಂದು ವೇತನ, ಗುತ್ತಿಗೆಯಲ್ಲಿ ಮತ್ತೊಂದು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು. ಸೇವೆಯನ್ನು ಹೊಗಳಿ ಕೂಲಿಯನ್ನು ಮರೆಯುವ ಸಮಾಜಕ್ಕೆ ವಿದ್ಯಾರ್ಥಿಗಳನ್ನು ಲೋಭಿಗಳೆನ್ನುವ ಅಧಿಕಾರವಿಲ್ಲ.

ಆದ್ದರಿಂದ ವಿದ್ಯಾರ್ಥಿಮಿತ್ರರೆ, ಸಂಬಳವೆಷ್ಟೆಂದು ನಾಚದೆ ಕೇಳಿರಿ. ಜೊತೆಗೆ ಕಲಿಕೆಯ ಖರ್ಚೆಷ್ಟು, ಕಾಲೇಜಿಗೆ ಮಾನ್ಯತೆಯಿದೆಯೆ, ದುಡಿಮೆ ಕೈಗೂಡಲು ಎಷ್ಟು ವರ್ಷ ಬೇಕು ಎಂಬುದನ್ನೂ ಕೇಳಿರಿ. ಕೊನೆಯದಾಗಿ, ನಡುರಾತ್ರಿ ರೋಗಿ ನರಳಿದಾಗ ಎದ್ದು ಹೋಗುವ ಮನಸ್ಸು ತಮಗಿದೆಯೆ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಮೊದಲಿನವಕ್ಕೆ ಉತ್ತರ ಕೊಡುವುದು ಹಿರಿಯರ ಹೊಣೆ. ಈ ಕೊನೆಯದು ನಿಮ್ಮದು.

ಆ ವಿದ್ಯಾರ್ಥಿನಿಗೆ ನಾವು ಇನ್ನೂ ಉತ್ತರ ಕೊಡಬೇಕಾಗಿದೆ. ಮುಂದಿನ ಪಾಠ ಅದರಿಂದಲೇ ಆರಂಭವಾಗುವುದು.