ಹಣದ ಗಡುವು ಮುಗಿದ ಮೇಲೆ ಯುರೋಪಿನ ಒಮ್ಮತ

ಕೋವಿಡ್ ಹೊಡೆತದಿಂದ ಚೇತರಿಸಿಕೊಳ್ಳಲು ಯುರೋಪಿಯನ್ ಒಕ್ಕೂಟ ತನ್ನ 27 ಸದಸ್ಯ ದೇಶಗಳಿಗಾಗಿ ಕಟ್ಟಿದ ಪುನಶ್ಚೇತನ ನಿಧಿಯ ಲೆಕ್ಕ 2026ಕ್ಕೆ ಚುಕ್ತಾ ಆಗಬೇಕು. ಒಪ್ಪಿಕೊಂಡ ಸುಧಾರಣೆಗಳನ್ನು ದೇಶಗಳು ಮುಗಿಸಲು ಆಗಸ್ಟ್ 31ರ ಗಡುವು. ಬ್ರಸೆಲ್ಸ್ ಹಣ ಪಾವತಿಸಲು ಡಿಸೆಂಬರ್ 31. ಈ ನಿಧಿಗಾಗಿ ಒಕ್ಕೂಟ ಜಂಟಿಯಾಗಿ ಎತ್ತಿದ ಸಾಲದ ಅಸಲನ್ನು 2028ರಿಂದ ತೀರಿಸಲು ಶುರುಮಾಡಬೇಕು, ಅದು 2058ರವರೆಗೂ ನಡೆಯುತ್ತದೆ. ನಡುವಿನ ಈ ಅವಧಿಯೇ ಅಪಾಯದ್ದು. ಕೊಡಲು ಹಣವಿಲ್ಲದ ಒಕ್ಕೂಟದ ಮಾತಿಗೆ ಸದಸ್ಯರು ಎಷ್ಟು ಬೆಲೆ ಕೊಡುತ್ತಾರೆ? ಹಿಂದಿನ ಕಾಲು ಶತಮಾನದ ಅನುಭವವನ್ನು ನೋಡಿದರೆ, ಹೆಚ್ಚೇನೂ ಇಲ್ಲ.

2000ದ ಮಾರ್ಚ್‌ನಲ್ಲಿ ಲಿಸ್ಬನ್‌ನಲ್ಲಿ ಸೇರಿದ್ದ ನಾಯಕರು, ಹತ್ತು ವರ್ಷದೊಳಗೆ ಯುರೋಪನ್ನು ಜಗತ್ತಿನ ಅತ್ಯಂತ ಸ್ಪರ್ಧಾತ್ಮಕ ಜ್ಞಾನಾಧಾರಿತ ಆರ್ಥಿಕತೆಯಾಗಿ ಮಾಡುತ್ತೇವೆ ಎಂದು ಘೋಷಿಸಿದ್ದರು. ದುಡಿಯುವ ವಯಸ್ಸಿನವರಲ್ಲಿ ಶೇ 70 ಮಂದಿಗೆ ಉದ್ಯೋಗ ಎಂಬ ಗುರಿ ಅಲ್ಲೇ ನಿಗದಿಯಾಯಿತು. ಜಿಡಿಪಿಯ ಶೇ 3ರಷ್ಟು ಹಣ ಸಂಶೋಧನೆಗೆ ಎಂಬ ಗುರಿ 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿಕೊಂಡಿತು. ಇದಕ್ಕೆಲ್ಲ ಕಾನೂನಿನ ಬಲ ಇರಲಿಲ್ಲ. ದೇಶಗಳು ತಮ್ಮ ಪ್ರಗತಿಯನ್ನು ಪರಸ್ಪರ ಹೋಲಿಸಿ ನೋಡಿಕೊಳ್ಳಬೇಕು, ಹಿಂದೆ ಬಿದ್ದವರು ನಾಚಿಕೊಂಡು ಚುರುಕಾಗಬೇಕು ಎಂಬುದಷ್ಟೇ ವಿಧಾನ. ಯಾರೂ ನಾಚಿಕೊಳ್ಳಲಿಲ್ಲ. ನೆದರ್ಲೆಂಡ್ಸ್‌ನ ಮಾಜಿ ಪ್ರಧಾನಿ ವಿಮ್ ಕೊಕ್ ನೇತೃತ್ವದ ತಂಡ 2004ರ ನವೆಂಬರ್‌ನಲ್ಲಿ ಕೊಟ್ಟ ವರದಿ ನಿಷ್ಠುರವಾಗಿತ್ತು: ಗುರಿಗಳು ವಿಪರೀತ, ಸಮನ್ವಯ ಕಳಪೆ, ಆದ್ಯತೆಗಳು ಒಂದಕ್ಕೊಂದು ಅಡ್ಡ, ರಾಜಕೀಯ ಇಚ್ಛಾಶಕ್ತಿಯೂ ಇಲ್ಲ. ಆ ಶೇ 3ರ ಗುರಿ ಮುಂದೆ ‘ಯುರೋಪ್ 2020’ ಎಂಬ ಹೊಸ ಕಾರ್ಯತಂತ್ರದೊಳಕ್ಕೂ ಬಂತು. ಒಕ್ಕೂಟದ ಸಂಶೋಧನಾ ವೆಚ್ಚ ಮಾತ್ರ ಇಂದಿಗೂ ಶೇ 2.2ರ ಆಸುಪಾಸಿನಲ್ಲೇ ಕುಳಿತಿದೆ.

ಕಾನೂನಿನ ಬಲವಿದ್ದ ಕಡೆಯೂ ಕತೆ ಇದಕ್ಕಿಂತ ಉತ್ತಮವಾಗಿಲ್ಲ. ಬಜೆಟ್ ಕೊರತೆ ಜಿಡಿಪಿಯ ಶೇ 3 ಮೀರಬಾರದು, ಸಾಲ ಶೇ 60 ದಾಟಬಾರದು ಎಂಬ ಮಿತಿಗೆ ಕಾವಲಾಗಿ 1997ರಲ್ಲಿ ಸ್ಥಿರತಾ ಒಪ್ಪಂದ ಬೇಕೇಬೇಕೆಂದು ಹಟ ಹಿಡಿದಿದ್ದು ಜರ್ಮನಿ. ಆರೇ ವರ್ಷದಲ್ಲಿ ಅದೇ ಜರ್ಮನಿ, ಜೊತೆಗೆ ಫ್ರಾನ್ಸ್, ಮಿತಿ ಮೀರಿ ನಿಂತವು. 2003ರ ನವೆಂಬರ್‌ನಲ್ಲಿ ಹಣಕಾಸು ಸಚಿವರು ಸೇರಿ ಈ ಎರಡು ದೇಶಗಳ ಮೇಲಿನ ಕ್ರಮಕ್ಕೆ ತಡೆ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಮರುವರ್ಷ ಯುರೋಪಿನ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತಾದರೂ 2005ರಲ್ಲಿ ನಿಯಮಗಳನ್ನೇ ಸಡಿಲಿಸಲಾಯಿತು. ಕೊರತೆಯ ಅಂಕಿಗಳನ್ನು ಗ್ರೀಸ್ ತಿರುಚಿ ತೋರಿಸುತ್ತ ಬಂದದ್ದು 2009ರಲ್ಲಿ ಬಯಲಾದಾಗ ಅಥೆನ್ಸ್‌ಗೆ ಶಿಸ್ತಿನ ಪಾಠ ಹೇಳಲು ಬರ್ಲಿನ್ ಮುಂದಾಯಿತು. ಆ ಪಾಠ ಗ್ರೀಕರ ಕಿವಿಗೆ ಹೇಗೆ ಕೇಳಿಸಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಗ್ರೀಸ್‌ನ ಈ ಸಾಲದ ಬಿಕ್ಕಟ್ಟಿನ ಬೆನ್ನಿಗೆ, 2011ರಲ್ಲಿ, ‘ಯುರೋಪಿಯನ್ ಸೆಮಿಸ್ಟರ್’ ಬಂತು. ಪ್ರತಿ ವರ್ಷ ಬ್ರಸೆಲ್ಸ್ ಪ್ರತಿ ದೇಶದ ಆರ್ಥಿಕ ನೀತಿಯನ್ನು ಪರಿಶೀಲಿಸಿ ಶಿಫಾರಸು ಕೊಡುವ ವ್ಯವಸ್ಥೆ ಇದು. ಒಕ್ಕೂಟದ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿದಾಗ, 2011ರಿಂದ 2018ರವರೆಗಿನ ಶಿಫಾರಸುಗಳಲ್ಲಿ ಪೂರ್ತಿಯಾಗಿ ಅಥವಾ ಬಹುಪಾಲು ಜಾರಿಯಾದದ್ದು ಕಾಲುಭಾಗದಷ್ಟು ಮಾತ್ರ. ಸ್ಪೇನ್ ಮತ್ತು ಪೋರ್ಚುಗಲ್‌ಗೆ 2016ರಲ್ಲಿ ದಂಡ ಹಾಕುವ ಹಂತ ತಲುಪಿ, ಕೊನೆಗೆ ದಂಡದ ಮೊತ್ತವನ್ನು ಸೊನ್ನೆ ಎಂದು ಬರೆಯಲಾಯಿತು. ಕೊರತೆಯ ಮಿತಿ ಮೀರಿದ್ದಕ್ಕೆ ಇದುವರೆಗೆ ಒಂದು ದೇಶವೂ ದಂಡ ಕಟ್ಟಿಲ್ಲ.

2020ರ ಜುಲೈನಲ್ಲಿ ನಾಯಕರು ಒಪ್ಪಿದ 75 ಸಾವಿರ ಕೋಟಿ ಯೂರೊಗಳ ಪ್ಯಾಕೇಜ್ ಈ ಆಟದ ಸ್ವರೂಪವನ್ನೇ ಬದಲಿಸಿತು. ಇದರ ಮುಖ್ಯ ಭಾಗವಾದ ಪುನಶ್ಚೇತನ ನಿಧಿಯಲ್ಲಿ ಮೊದಲು ಸುಧಾರಣೆ, ಆಮೇಲೆ ಕಂತು. ಇಟಲಿಗೆ ಸುಮಾರು 19,400 ಕೋಟಿ ಯೂರೊ, ಉಳಿದೆಲ್ಲರಿಗಿಂತ ಹೆಚ್ಚು. ವರ್ಷಗಟ್ಟಲೆ ಕೊಳೆಯುತ್ತಿದ್ದ ನ್ಯಾಯಾಲಯ ವ್ಯವಸ್ಥೆಯ ಸುಧಾರಣೆಗೆ ಅಲ್ಲಿ ಇದ್ದಕ್ಕಿದ್ದಂತೆ ತುರ್ತು ಬಂತು. ಸ್ಪೇನ್‌ನ ಕಾರ್ಮಿಕ ಕಾಯ್ದೆ ತಿದ್ದುಪಡಿಯೂ ಈ ಹಣಕ್ಕೆ ಕೊಟ್ಟ ಮಾತಾಗಿತ್ತು. 2022ರ ಫೆಬ್ರುವರಿಯಲ್ಲಿ ಅದು ಸಂಸತ್ತಿನಲ್ಲಿ ಪಾಸಾದದ್ದು 175–174ರಲ್ಲಿ, ಅದೂ ವಿರೋಧ ಪಕ್ಷದ ಸದಸ್ಯರೊಬ್ಬರ ಮತ ತಪ್ಪಾಗಿ ಸರ್ಕಾರದ ಪರ ದಾಖಲಾದ್ದರಿಂದ! ಹಣದ ಆಸೆ ಕೆಲಸ ಮಾಡಿಸುತ್ತದೆ, ಸಂದೇಹವಿಲ್ಲ. ಆದರೆ ಅದು ಮಾಡಿಸಿದ ಕೆಲಸದ ಬೇರು ಎಷ್ಟು ಮೇಲೆಮೇಲಿನದು ಎಂಬುದಕ್ಕೆ ಈ ಒಂದು ಮತವೇ ಸಾಕ್ಷಿ. ಸುಧಾರಣೆಯ ಪಟ್ಟಿಗಳು ತಯಾರಾದದ್ದು ಹಣಕಾಸು ಸಚಿವಾಲಯಗಳು ಮತ್ತು ಬ್ರಸೆಲ್ಸ್ ನಡುವಿನ ಮಾತುಕತೆಯಲ್ಲಿ. ಸಂಸತ್ತುಗಳು, ಪ್ರಾಂತ್ಯಗಳು ಬಹುಮಟ್ಟಿಗೆ ನೋಡುತ್ತ ನಿಂತವು. ಕಂತು ನಿಂತಮೇಲೆ ಆ ಪಟ್ಟಿಯನ್ನು ಕಾಯುವವರು ಯಾರು?

ನಮ್ಮ ಜಿಎಸ್‌ಟಿ ಮಂಡಳಿಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ವರ್ಷಕ್ಕೆ ಶೇ 14ರ ಆದಾಯ ವೃದ್ಧಿ ಖಾತರಿ ಎಂಬ ಐದು ವರ್ಷಗಳ ಪರಿಹಾರದ ಭರವಸೆಯೇ ರಾಜ್ಯಗಳನ್ನು ಒಂದೇ ಮೇಜಿಗೆ ತಂದಿತ್ತು. 2022ರ ಜೂನ್‌ಗೆ ಅದು ಮುಗಿಯಿತು. ಮಂಡಳಿಯ ಶಿಫಾರಸುಗಳನ್ನು ಸಂಸತ್ತು, ಶಾಸನಸಭೆಗಳು ಪಾಲಿಸಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದಕ್ಕೆ ಒಂದು ತಿಂಗಳು ಮುಂಚೆ.

ಯುರೋಪಿನಲ್ಲಿ ಮೊದಲ ಬಿರುಕು ಕಾಣಿಸುವುದು ಬಹುಶಃ ಫ್ರಾನ್ಸ್‌ನಲ್ಲಿ. 2024ರ ಏಪ್ರಿಲ್ 30ರಿಂದ ಜಾರಿಯಾದ ಹೊಸ ಹಣಕಾಸು ನಿಯಮಗಳು ಪ್ರತಿ ದೇಶಕ್ಕೂ ನಾಲ್ಕರಿಂದ ಏಳು ವರ್ಷಗಳ ಪ್ರತ್ಯೇಕ ಯೋಜನೆ ರೂಪಿಸಿಕೊಳ್ಳಲು ಬಿಟ್ಟಿವೆ. ಕಾಗದದ ಮೇಲೆ ವಿವೇಕದ ಮಾತೇ. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸ್, ಇಟಲಿ ಸೇರಿ ಏಳು ದೇಶಗಳ ಮೇಲೆ ಮಿತಿಮೀರಿದ ಕೊರತೆಗಾಗಿ ಪ್ರಕ್ರಿಯೆ ಶುರುವಾಯಿತು. ಆ ವರ್ಷ ಫ್ರಾನ್ಸ್‌ನ ಕೊರತೆ ಶೇ 5.8. ಅದನ್ನು ತಗ್ಗಿಸಲು ಸುಮಾರು 4,400 ಕೋಟಿ ಯೂರೊಗಳ ಮಿತವ್ಯಯ ಪ್ರಸ್ತಾಪಿಸಿದ ಪ್ರಧಾನಿ ಫ್ರಾನ್ಸ್ವಾ ಬೈರೂ 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಾಸಮತ ಸೋತು ಮನೆಗೆ ಹೋದರು. 2027ರಲ್ಲಿ ಅಲ್ಲಿ ಅಧ್ಯಕ್ಷೀಯ ಚುನಾವಣೆ. ಆ ಹೊತ್ತಿಗೆ ಪ್ಯಾರಿಸ್ ಮೇಲೆ ದಂಡ ಹಾಕುವ ಧೈರ್ಯ ಬ್ರಸೆಲ್ಸ್‌ಗೆ ಬರುತ್ತದೆ ಎಂದು ನಂಬುವವರು 2003ನ್ನು ಮರೆತವರು. ಅತ್ತ ಜರ್ಮನಿ 2025ರ ಮಾರ್ಚ್‌ನಲ್ಲಿ ತನ್ನ ಸಾಲದ ಕಡಿವಾಣವನ್ನು ಸಡಿಲಿಸಿ 50 ಸಾವಿರ ಕೋಟಿ ಯೂರೊಗಳ ಮೂಲಸೌಕರ್ಯ ನಿಧಿ ಮಾಡಿಕೊಂಡಿತು. ಜರ್ಮನಿಗೆ ಅದು ಬೇಕಿತ್ತು. ಆದರೆ ಸಾಲ ತರಬಲ್ಲವರು ಖರ್ಚು ಮಾಡುತ್ತಾರೆ, ತರಲಾಗದವರು ಕೈಕಟ್ಟಿ ಕೂರುತ್ತಾರೆ ಎಂಬ ಸ್ಥಿತಿಗೆ ಜಂಟಿ ಕಾರ್ಯತಂತ್ರ ಎಂಬ ಹೆಸರು ಒಪ್ಪುವುದಿಲ್ಲ.

ಯುರೋಪ್ ಹಿಂದೆ ಬೀಳದಿರಲು ವರ್ಷಕ್ಕೆ 75ರಿಂದ 80 ಸಾವಿರ ಕೋಟಿ ಯೂರೊ ಹೆಚ್ಚುವರಿ ಹೂಡಿಕೆ ಬೇಕು ಎಂದು ಯುರೋಪಿಯನ್ ಕೇಂದ್ರೀಯ ಬ್ಯಾಂಕಿನ ಮಾಜಿ ಅಧ್ಯಕ್ಷ ಮಾರಿಯೊ ದ್ರಾಗಿ 2024ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟರು. ಅದನ್ನು ಹೊಗಳದ ನಾಯಕರಿಲ್ಲ. 2025ರ ಜುಲೈನಲ್ಲಿ ಯುರೋಪಿಯನ್ ಆಯೋಗ ಮುಂದಿಟ್ಟ 2028–34ರ ಬಜೆಟ್ ಪ್ರಸ್ತಾವ ಸುಮಾರು 2 ಲಕ್ಷ ಕೋಟಿ ಯೂರೊಗಳದ್ದು. ಪುನಶ್ಚೇತನ ನಿಧಿಯ ಮಾದರಿಯನ್ನೇ ಕೃಷಿ ಸಹಾಯಧನಕ್ಕೂ ಹಿಂದುಳಿದ ಪ್ರದೇಶಗಳ ನೆರವಿಗೂ ಅಂಟಿಸಿ, ದೇಶಕ್ಕೊಂದು ಯೋಜನೆ ಮಾಡುವುದು ಅದರ ಆಶಯ. ಇಲ್ಲೇ ಎಚ್ಚರ ಬೇಕಿರುವುದು. ರೈತನ ಸಹಾಯಧನವನ್ನು ಪಿಂಚಣಿ ಸುಧಾರಣೆಯ ಜೊತೆ ಗಂಟು ಹಾಕಿದರೆ ರೈತನೂ ಸಿಟ್ಟಾಗುತ್ತಾನೆ, ಪಿಂಚಣಿದಾರನೂ ಸಿಟ್ಟಾಗುತ್ತಾನೆ, ಇಬ್ಬರೂ ಬ್ರಸೆಲ್ಸ್‌ನ ಮೇಲೆ. ಜಂಟಿ ಹಣ ಹೋಗಬೇಕಾದದ್ದು ಯಾವ ದೇಶವೂ ಒಂಟಿಯಾಗಿ ಮಾಡದ ಕೆಲಸಗಳಿಗೆ. ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ವಿದ್ಯುತ್ ಜಾಲ ದಶಕಗಳಿಂದ ಬಡಕಲಾಗಿಯೇ ಇದೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಲ್ಲಿ ಮುಳುಗಿದ್ದಕ್ಕೆ ಕಾರಣ ಬೇರೆ ಇರಬಹುದು. ಪೈರಿನೀಸ್ ಪರ್ವತದಾಚೆಗಿನ ಆ ಸಂಪರ್ಕ ಎಷ್ಟು ದುರ್ಬಲ ಎಂಬುದು ಮಾತ್ರ ಅಂದು ಎಲ್ಲರ ಬಾಯಲ್ಲಿತ್ತು. ಪಿಂಚಣಿ, ಕಾರ್ಮಿಕ ಕಾಯ್ದೆಗಳಂಥವು ಆಯಾ ಸಂಸತ್ತಿನಲ್ಲೇ ಜಗಳವಾಡಿ ತೀರ್ಮಾನವಾಗಲಿ. ತಡವಾಗುತ್ತದೆ, ಆದರೆ ಉಳಿಯುತ್ತದೆ.

ಸಾಲದ ಕಂತಿನ ವಿಷಯ ಇನ್ನೂ ತುರ್ತಿನದು. 2028ರಿಂದ ವರ್ಷಕ್ಕೆ ಸುಮಾರು 2,400 ಕೋಟಿ ಯೂರೊ ಕಟ್ಟಬೇಕು. ಅದಕ್ಕಾಗಿ ತಂಬಾಕು ಸುಂಕದಲ್ಲಿ ಪಾಲು, ಇ-ತ್ಯಾಜ್ಯದ ಮೇಲೆ ಶುಲ್ಕ, ದೊಡ್ಡ ಕಂಪನಿಗಳಿಂದ ವಂತಿಗೆ ಎಂದೆಲ್ಲ ಆಯೋಗ ಪ್ರಸ್ತಾಪಿಸಿದೆ. ಒಂದೊಂದಕ್ಕೂ 27 ದೇಶಗಳ ಸರ್ವಾನುಮತ ಬೇಕು. 2027ರ ಡಿಸೆಂಬರ್‌ನೊಳಗೆ ಅದು ಸಿಗದಿದ್ದರೆ, ಸದಸ್ಯ ದೇಶಗಳು ತಮ್ಮ ವಂತಿಗೆ ಹೆಚ್ಚಿಸಬೇಕು, ಇಲ್ಲವೇ ಈ ಕಂತನ್ನು ಪೋಲೆಂಡ್‌ನ ರಸ್ತೆಯಿಂದಲೋ ಫ್ರಾನ್ಸ್‌ನ ರೈತನಿಂದಲೋ ಕತ್ತರಿಸಿ ಕಟ್ಟಬೇಕು.