ಅಂಕಿಗೂ ಅಂತಃಕರಣ ಬೇಕು

ಶಾಲೆಯ ಪುಸ್ತಕದ ಕಪಾಟುಗಳ ಬೀಗದ ಕೈ ನನ್ನ ಪಾಲಿಗೆ ಬಂದ ವರ್ಷ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ತರಗತಿಗೆ ಸೇರಿದ್ದೆ. ವರ್ಗೀಕರಣ, ಸೂಚೀಕರಣಗಳನ್ನು ಅಲ್ಲಿ ಶ್ರದ್ಧೆಯಿಂದಲೇ ಕಲಿಸಿದರು. ಆದರೆ ನಾವು ಕೊಡುವ ವರ್ಗಸಂಖ್ಯೆಯಿಂದ ಯಾರಿಗಾದರೂ ಅನ್ಯಾಯವಾದೀತೇ ಎಂಬ ಪ್ರಶ್ನೆಯನ್ನು ಒಬ್ಬರೂ ಎತ್ತಲಿಲ್ಲ.

ಅದರ ಫಲವನ್ನು ನಾನೇ ಉಂಡೆ. ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ ಶಾಲೆಗೆ ಬಂದಾಗ ಅದನ್ನು ‘ಸಾಮಾಜಿಕ ಸಮಸ್ಯೆಗಳು’ ವಿಭಾಗದಲ್ಲಿಟ್ಟೆ. ಉಳಿದ ಕವಿಗಳ ಆತ್ಮಕಥೆಗಳು ಸಾಹಿತ್ಯದ ಕಪಾಟಿನಲ್ಲಿದ್ದವು. ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಸಾರ್, ಇವರೂ ಕವಿಗಳಲ್ಲವೇ? ಇವರ ಬದುಕು ಮಾತ್ರ ಏಕೆ ಸಮಸ್ಯೆಯಾಯಿತು?” ನಾನು ನಿರುತ್ತರನಾದೆ.

ಈ ದೋಷ ನನ್ನೊಬ್ಬನದಲ್ಲ. 1876ರಲ್ಲಿ ಪ್ರಕಟವಾದ ಮೆಲ್ವಿಲ್ ಡ್ಯೂಯಿಯ ದಶಮಾಂಶ ಪದ್ಧತಿಯು ಧರ್ಮಕ್ಕೆ ಮೀಸಲಾದ 200ರ ವರ್ಗದಲ್ಲಿ ಬಹುಪಾಲನ್ನು ಕ್ರೈಸ್ತಮತಕ್ಕೆ ಕೊಟ್ಟು, ಜಗತ್ತಿನ ಉಳಿದ ಧರ್ಮಗಳನ್ನೆಲ್ಲ 290ರಲ್ಲಿ ತುರುಕಿತು. ಆ ಪದ್ಧತಿಯನ್ನು ಅನುಸರಿಸಿದ ಅಮೆರಿಕದ ಗ್ರಂಥಾಲಯಗಳು ಕಪ್ಪು ಜನರ ಕಾವ್ಯವನ್ನೂ ವಸಾಹತು, ಗುಲಾಮಗಿರಿಗಳ 325, 326ನೆಯ ಸಂಖ್ಯೆಗಳಲ್ಲಿ ಇಡುತ್ತಿದ್ದವು. ಹೋವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ಅದನ್ನು ಒಪ್ಪಲಿಲ್ಲ. ಕಾವ್ಯವನ್ನು ಕಾವ್ಯವೆಂದೇ, ಇತಿಹಾಸವನ್ನು ಇತಿಹಾಸವೆಂದೇ ಜೋಡಿಸಿದರು.

“ಗ್ರಂಥಪಾಲಕನು ತಟಸ್ಥನಾಗಿರಬೇಕು, ಪದ್ಧತಿ ಹೇಳಿದಂತೆ ನಡೆದರೆ ಸಾಕು” ಎನ್ನುವ ಪಂಡಿತರಿದ್ದಾರೆ. ಒಬ್ಬೊಬ್ಬರು ಒಂದೊಂದು ಕಡೆ ಇಟ್ಟರೆ ಪುಸ್ತಕ ಕೈಗೆ ಸಿಗದೆಂಬುದು ನಿಜವೇ. ಆದರೆ ಬಸವಣ್ಣನವರ ವಚನಗಳನ್ನು ಕನ್ನಡ ಸಾಹಿತ್ಯದ 894.814ರಲ್ಲಿ ಇಡಬೇಕೋ, ಹಿಂದೂ ಧರ್ಮದ 294.5ರಲ್ಲಿ ಇಡಬೇಕೋ? ಲಿಂಗಾಯತವು ಸ್ವತಂತ್ರ ಧರ್ಮವೇ ಎಂಬ ವಿವಾದ 2018ರಲ್ಲಿ ನಾಡನ್ನೇ ಕಲಕಿತು. ಎರಡನೆಯ ಸಂಖ್ಯೆ ಬರೆದವನು ಆ ವಿವಾದಕ್ಕೆ ಸದ್ದಿಲ್ಲದೆ ತೀರ್ಪು ಕೊಟ್ಟಂತೆಯೇ. ಇದರಲ್ಲಿ ತಾಟಸ್ಥ್ಯವೆಲ್ಲಿ ಬಂತು?

‘ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ’ ಎಂಬುದು ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು. ಅದನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ದಶಮಾಂಶ ಬಿಂದುವಿನ ಮುಂದಿನ ಅಂಕಿಗಳನ್ನು ಮಾತ್ರ ಎಣಿಸಿದರೆ ಆ ಸೂತ್ರಕ್ಕೆ ಅಪಚಾರ. ನೀತಿಗೆಂದು ಪ್ರತ್ಯೇಕ ಪತ್ರಿಕೆಯೇನೂ ಬೇಡ. ಪ್ರತಿ ವರ್ಗಸಂಖ್ಯೆಯ ಕೆಳಗೆ ವಿದ್ಯಾರ್ಥಿ ಎರಡು ವಾಕ್ಯ ಬರೆಯಲಿ: ಇಲ್ಲೇ ಏಕಿಟ್ಟೆ? ಇಲ್ಲಿಟ್ಟರೆ ಯಾರಿಗೆ ಸಿಗದು, ಯಾರಿಗೆ ನೋವಾದೀತು? ಅದಕ್ಕೂ ಅಂಕಗಳಿರಲಿ.

ಮರುದಿನವೇ ‘ಊರು ಕೇರಿ’ಯನ್ನು ಸಾಹಿತ್ಯದ ಕಪಾಟಿಗೆ ತಂದಿಟ್ಟೆ. ನನ್ನ ಗುರುಗಳು ಕಲಿಸಬೇಕಿದ್ದ ಪಾಠವನ್ನು ನನ್ನ ಶಿಷ್ಯ ಕಲಿಸಿದ್ದ.